ನಿಧಿಯಿಲ್ಲದ ನಿಧಿಶೋಧ: ಚಾರಿತ್ರಿಕ ಗ್ರಾಮಗಳಲ್ಲಿ ಒಗಟಿನ ನಡಿಗೆ

ಗದಗದಿಂದ ಕೊಪ್ಪಳದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 12 ಕಿಲೋಮೀಟರು ಕ್ರಮಿಸಿದರೆ ಲಕ್ಕುಂಡಿ ದೊರೆಯುತ್ತದೆ. ಅವಸರದ ಪ್ರವಾಸಿಗರು ಅಲ್ಲಿ ವಾಹನ ನಿಲ್ಲಿಸಿ, ಬ್ರಹ್ಮ ಜಿನಾಲಯವನ್ನೂ ಕಾಶಿ ವಿಶ್ವೇಶ್ವರ ದೇವಾಲಯವನ್ನೂ ನೋಡಿ, ನಾಲ್ಕು ಚಿತ್ರ ತೆಗೆದುಕೊಂಡು ಹಂಪಿಯ ದಾರಿ ಹಿಡಿಯುತ್ತಾರೆ. ನೂರೊಂದು ಗುಡಿ, ನೂರೊಂದು ಬಾವಿಗಳ ಊರು ಎಂದು ಜನ ಹೇಳಿಕೊಂಡು ಬಂದಿರುವ ಗ್ರಾಮದಲ್ಲಿ ಅವರು ಕಂಡದ್ದು ಎರಡು ಗುಡಿ. ಒಂದು ಬಾವಿಯನ್ನೂ ಇಣುಕಿರುವುದಿಲ್ಲ. ಊರಿನ ಅಂಗಡಿಯಲ್ಲಿ ಒಂದು ಕಪ್ಪು ಚಹಾ ಕುಡಿಯುವಷ್ಟು ಹೊತ್ತೂ ಅವರು ಅಲ್ಲಿ ನಿಂತಿರುವುದಿಲ್ಲ. ಬಂದವರನ್ನು ಎರಡು ಗಂಟೆಗಳ ಕಾಲ ಊರೊಳಗೆ ನಡೆಸುವ, ಅದಕ್ಕಾಗಿ ಹೊಸದಾಗಿ ಏನನ್ನೂ ಕಟ್ಟಬೇಕಾಗಿಲ್ಲದ ಒಂದು ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಇದಕ್ಕೆ 'ನಿಧಿಯ ಜಾಡು' ಎಂಬ ಅರ್ಥದ ಹೆಸರಿದೆ. ಆ ಹೆಸರನ್ನು ಹಾಗೆಯೇ ತಂದುಕೊಂಡರೆ ನಮ್ಮ ಊರುಗಳಲ್ಲಿ ಆಗಬಹುದಾದ ಹಾನಿಯನ್ನೂ ಈ ಲೇಖನದಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಕ್ರಮ ಸರಳವಾದದ್ದು. ಹತ್ತಾರು ಪುಟಗಳ ಒಂದು ಕಿರುಪುಸ್ತಿಕೆ ಇರುತ್ತದೆ. ಅದರ ಮೊದಲಿಗೆ ಒಂದು ಚಿಕ್ಕ ಕಟ್ಟುಕಥೆ: ಏನೋ ಕಳೆದುಹೋಗಿದೆ, ಅಥವಾ ಯಾರೋ ಒಂದು ಗುಟ್ಟನ್ನು ಬಿಟ್ಟುಹೋಗಿದ್ದಾರೆ. ಅನಂತರ ದಾರಿ ತೋರಿಸುವ ಸಾಲುಗಳು, ದಾರಿಯುದ್ದಕ್ಕೂ ಅಲ್ಲಲ್ಲಿ ಒಗಟುಗಳು. ಒಗಟಿನ ಉತ್ತರ ಪುಸ್ತಿಕೆಯಲ್ಲಿ ಇಲ್ಲ, ಕಲ್ಲಿನ ಮೇಲಿದೆ: ಒಂದು ಕಂಬದ ಕೆತ್ತನೆಯಲ್ಲಿ, ಬಾವಿಯ ಗೂಡಿನಲ್ಲಿ, ವೀರಗಲ್ಲಿನ ನಡುವಣ ಪಟ್ಟಿಕೆಯಲ್ಲಿ. ನಡೆಯುವವರು ತಾವೇ ಹುಡುಕಿ ಬರೆದುಕೊಳ್ಳುತ್ತಾರೆ. ಎಲ್ಲ ಉತ್ತರಗಳೂ ಕೂಡಿದಾಗ ಕಥೆಯ ಗುಟ್ಟು ತೆರೆದುಕೊಳ್ಳುತ್ತದೆ. ಮಾರ್ಗದರ್ಶಕರು ಬೇಕಿಲ್ಲ, ಹೊರಡುವುದಕ್ಕೆ ಗೊತ್ತುಪಡಿಸಿದ ವೇಳೆ ಇಲ್ಲ, ಇಬ್ಬರು ಬಂದರೂ ಸರಿ, ಒಂದು ಕುಟುಂಬ ಬಂದರೂ ಸರಿ. ಪುಸ್ತಿಕೆ, ಪೆನ್ಸಿಲು, ನೀರಿನ ಬಾಟಲಿ ಇದ್ದರೆ ಸಾಕು.

ಇದರ ಮೂಲವನ್ನು ಹುಡುಕುವವರು ಸಾಮಾನ್ಯವಾಗಿ ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿಗೆ ಹೋಗುತ್ತಾರೆ. 1854ರಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ ಕ್ರ್ಯಾನ್ಮಿಯರ್ ಪೂಲ್ ಎಂಬ ದುರ್ಗಮ ಜೌಗುಸ್ಥಳದಲ್ಲಿ ಒಂದು ಸೀಸೆಯನ್ನಿಟ್ಟು, ಅಲ್ಲಿಯವರೆಗೆ ನಡೆದು ಬಂದವರು ತಮ್ಮ ಹೆಸರಿನ ಚೀಟಿಯನ್ನು ಅದರಲ್ಲಿ ಹಾಕಿ ಹೋಗುವ ರೂಢಿಯನ್ನು ಆರಂಭಿಸಿದನು. ಅದೇ ಬೆಳೆದು, ಸುಳಿವು ಹಿಡಿದು ಪೆಟ್ಟಿಗೆ ಹುಡುಕುವ ಹವ್ಯಾಸವಾಯಿತು. 2000ನೆಯ ಇಸವಿಯಲ್ಲಿ ಜಿಪಿಎಸ್ ಸಂಕೇತಗಳ ನಿಖರತೆ ಸಾರ್ವಜನಿಕರಿಗೆ ಪೂರ್ಣವಾಗಿ ದೊರೆತ ಕೂಡಲೇ ಅಮೆರಿಕದಲ್ಲಿ ಅದರ ಮತ್ತೊಂದು ರೂಪ ಹುಟ್ಟಿತು. ಇವೆರಡರಲ್ಲಿಯೂ ಒಂದು ವಸ್ತುವನ್ನು ಎಲ್ಲಿಯಾದರೂ ಬಚ್ಚಿಡಲೇಬೇಕು. ಹಳ್ಳಿಗಳ ನಡಿಗೆಯು ಇವುಗಳಿಂದ ಬೇರೆಯಾಗುವುದು ಇಲ್ಲಿಯೇ: ಅಲ್ಲಿ ಯಾರೂ ಏನನ್ನೂ ಬಚ್ಚಿಡುವುದಿಲ್ಲ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಚರ್ಚಿನ ಗೋಪುರ, ಸಮಾಧಿಯ ಕಲ್ಲು, ಹಳೆಯ ನೀರಿನ ಪಂಪು, ಯುದ್ಧದಲ್ಲಿ ಮಡಿದವರ ಸ್ಮಾರಕ, ಗಾಳಿ ತೋರುವ ಕೋಳಿ, ಇಂಥ ಕಣ್ಣಿಗೆ ಕಾಣುವ ವಸ್ತುಗಳೇ ಸುಳಿವುಗಳು. ಅವು ಮೊದಲೂ ಅಲ್ಲಿದ್ದವು, ಜನ ನೋಡದೆ ಹೋಗುತ್ತಿದ್ದರು.

ಕನ್ನಡದವರಿಗೆ ಈ ಆಟ ಪರಕೀಯವೆನಿಸಬೇಕಾದ ಕಾರಣವಿಲ್ಲ. ಮನೆಯ ಕಟ್ಟೆಯ ಮೇಲೆ ಕುಳಿತು ಒಗಟು ಹೇಳುವ ಅಜ್ಜಿಯರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಬೆಡಗಿನ ವಚನಗಳೂ ದಾಸರ ಮುಂಡಿಗೆಗಳೂ ಮರೆಮಾಡಿ ಹೇಳುವುದನ್ನೇ ಒಂದು ಕಲೆಯಾಗಿ ಬೆಳೆಸಿದವು. ಈ ಬರವಣಿಗೆಯ ಉಳಿದ ಭಾಗದಲ್ಲಿ ಈ ಕ್ರಮವನ್ನು 'ಒಗಟಿನ ನಡಿಗೆ' ಎಂದೇ ಕರೆಯಲಾಗಿದೆ. ಅದಕ್ಕೆ ಕಾರಣ ಕೇವಲ ಭಾಷಾಭಿಮಾನವಲ್ಲ.

'ನಿಧಿ' ಎಂಬ ಪದದ ಅಪಾಯ

ಪಾಳುಗುಡಿ ಇರುವ ಯಾವ ಊರಿನ ಸದಸ್ಯರಿಗೂ ಈ ವಿಷಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಂದಿಯ ಕೆಳಗೆ ಹೊನ್ನಿದೆ, ಶಾಸನದ ಕಲ್ಲು ಕೊಪ್ಪರಿಗೆಯ ಗುರುತು, ಹಾವಿನ ಕೆತ್ತನೆ ಇದ್ದಲ್ಲಿ ನಿಧಿ ಕಾಯುವ ಸರ್ಪವಿದೆ, ಈ ನಂಬಿಕೆಗಳಿಂದ ಅಮಾವಾಸ್ಯೆಯ ರಾತ್ರಿ ಹಾರೆ ಹಿಡಿದು ಬರುವವರಿದ್ದಾರೆ. ಬೆಳಗಾದಾಗ ಊರಿನವರು ಕಾಣುವುದು ಮಗುಚಿದ ಲಿಂಗ, ಎರಡು ಹೋಳಾದ ನಂದಿ, ಬುಡಸಹಿತ ಕಿತ್ತ ವೀರಗಲ್ಲು. ಅಗೆದವರಿಗೆ ದೊರೆತದ್ದು ಮಣ್ಣು; ಊರು ಕಳೆದುಕೊಂಡದ್ದು ಎಂಟುನೂರು ಸಾವಿರ ವರ್ಷ ನಿಂತಿದ್ದ ಕಲ್ಲು.

ಶಾಸನದ ಕಲ್ಲಿನ ನೆತ್ತಿಯ ಮೇಲೆ ಸೂರ್ಯ, ಚಂದ್ರ, ಲಿಂಗ, ಕರುವಿಗೆ ಹಾಲೂಡುವ ಆಕಳು ಇರುವುದುಂಟು. ಸೂರ್ಯಚಂದ್ರರು ಇರುವವರೆಗೆ ಈ ದಾನ ನಡೆಯಲಿ ಎಂಬುದು ಅದರ ಅರ್ಥ. ಕೆಳಗೆ ಬರೆದಿರುವುದು ಬಹುಮಟ್ಟಿಗೆ ಭೂಮಿಯ ದಾನ, ಅದರ ಎಲ್ಲೆ, ಸುಂಕದ ಲೆಕ್ಕ, ಕೊನೆಗೆ ದಾನವನ್ನು ಕೆಡಿಸಿದವರಿಗೆ ಶಾಪ. ಇಂದಿನ ಪಂಚಾಯಿತಿಯ ದಾಖಲೆ ಪುಸ್ತಕದಂತೆಯೇ ಅದೊಂದು ದಾಖಲೆ. ಓದಲು ಬಾರದ ಬರಹವನ್ನು ಗುಪ್ತಲಿಪಿ ಎಂದು ಭ್ರಮಿಸಿದವರಿಂದಲೇ ಹೆಚ್ಚು ಹಾನಿಯಾಗಿದೆ.

ಇಂಥ ಪರಿಸರದಲ್ಲಿ ಪಂಚಾಯಿತಿಯೇ ಪ್ರಕಟಿಸಿದ ಪುಸ್ತಿಕೆಯ ಮುಖಪುಟದ ಮೇಲೆ 'ನಿಧಿ' ಎಂದು ಅಚ್ಚಾಗಿ, ಒಳಗೆ 'ಬಸವಣ್ಣನ ಎಡಗಿವಿಯಿಂದ ಬಡಗಲಿಗೆ ಏಳು ಹೆಜ್ಜೆ' ಎಂಬ ಒಗಟಿದ್ದರೆ ಏನಾಗುವುದೆಂದು ಊಹಿಸುವುದು ಕಷ್ಟವಲ್ಲ. ನಗರದಿಂದ ಬಂದ ಮಕ್ಕಳಿಗೆ ಅದು ಆಟ. ಹಾರೆ ಹಿಡಿದವರಿಗೆ ಅದು ಸರಕಾರಿ ಮೊಹರಿನ ನಕಾಶೆ. ಆದುದರಿಂದ ಹೆಸರಿನಲ್ಲಿ ನಿಧಿ, ಕೊಪ್ಪರಿಗೆ, ಹೊನ್ನು, ಗುಪ್ತಧನ ಈ ಪದಗಳು ಇರಕೂಡದು. ಒಗಟುಗಳಲ್ಲಿ ಹೆಜ್ಜೆ ಎಣಿಸಿ ನೆಲ ತೋರಿಸುವ ಸಾಲು ಬರಕೂಡದು. ಉತ್ತರವೆಲ್ಲ ನೆಲದ ಮೇಲೆ, ಕಣ್ಣಿನ ಎತ್ತರದಲ್ಲಿ ಇರತಕ್ಕದ್ದು. ಪುಸ್ತಿಕೆಯ ಮೊದಲ ಪುಟದಲ್ಲಿ ದೊಡ್ಡ ಅಕ್ಷರಗಳಲ್ಲಿ, ಈ ನಡಿಗೆಯ ಯಾವ ಉತ್ತರವೂ ಮಣ್ಣಿನ ಕೆಳಗಿಲ್ಲ, ಯಾವ ಕಲ್ಲನ್ನೂ ಮುಟ್ಟಬೇಕಾಗಿಲ್ಲ, ಸರಿಸಬೇಕಾಗಿಲ್ಲ ಎಂದು ಮುದ್ರಿಸುವುದು ಅವಶ್ಯ.

ಕಾನೂನಿನ ಸ್ಥಿತಿಯನ್ನೂ ಸದಸ್ಯರು ತಿಳಿದಿರಬೇಕು. ಭೂಗತ ನಿಧಿಗೆ ಸಂಬಂಧಿಸಿದ 1962ರ ರಾಜ್ಯ ಅಧಿನಿಯಮದ ಮೇರೆಗೆ ನೆಲದಲ್ಲಿ ಹುದುಗಿದ ಬೆಲೆಯುಳ್ಳ ವಸ್ತು ದೊರೆತವರು ಅದನ್ನು ಜಿಲ್ಲಾಡಳಿತಕ್ಕೆ ತಿಳಿಸತಕ್ಕದ್ದು. ಮನೆಯ ಪಾಯ ಅಗೆಯುವಾಗ ದೊರೆತರೂ ಅಷ್ಟೆ. ಕೇಂದ್ರ ಸರಕಾರದ 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮದ ಪ್ರಕಾರ ಸಂರಕ್ಷಿತ ಸ್ಮಾರಕವನ್ನು ಹಾಳುಮಾಡಿದವರಿಗೆ ಎರಡು ವರ್ಷಗಳವರೆಗೆ ಕಾರಾಗೃಹವಾಸ ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡೂ ಆಗಬಹುದು. 2010ರ ತಿದ್ದುಪಡಿಯ ಅನಂತರ ಸಂರಕ್ಷಿತ ಪ್ರದೇಶದ ಎಲ್ಲೆಯಿಂದ 100 ಮೀಟರುಗಳವರೆಗೆ ನಿಷೇಧಿತ ವಲಯ, ಅದರಾಚೆಗಿನ 200 ಮೀಟರು ನಿಯಂತ್ರಿತ ವಲಯ. ಕಮಾನು, ಮಂಟಪ, ಫಲಕದ ಕಂಬ ಯಾವುದನ್ನು ನಿಲ್ಲಿಸಬೇಕಾದರೂ ಅನುಮತಿಯ ಪ್ರಶ್ನೆ ಏಳುತ್ತದೆ. ಒಗಟಿನ ನಡಿಗೆಗೆ ಒಂದು ಮೊಳೆಯನ್ನೂ ಹೊಡೆಯಬೇಕಾಗಿಲ್ಲವೆಂಬುದೇ ಸ್ಮಾರಕಗಳ ನಡುವೆ ಬದುಕುವ ಊರಿಗೆ ಇದರ ದೊಡ್ಡ ಅನುಕೂಲ. ಆದರೂ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ, ರಾಜ್ಯ ಪುರಾತತ್ವ ಇಲಾಖೆ, ಮತ್ತು ಪಾರಂಪರಿಕ ಪ್ರದೇಶದ ಪ್ರಾಧಿಕಾರವಿರುವ ಕಡೆ ಆ ಪ್ರಾಧಿಕಾರ, ಈ ಕಚೇರಿಗಳಿಗೆ ಕರಡು ಪುಸ್ತಿಕೆಯನ್ನು ಕಳುಹಿಸಿ ಲಿಖಿತ ಒಪ್ಪಿಗೆ ಪಡೆಯುವುದು ಲೇಸು.

ಲಕ್ಕುಂಡಿಯಲ್ಲಿ ಒಂದು ಕಲ್ಪಿತ ನಡಿಗೆ

ಮಾತಿಗೊಂದು ಊರು ಬೇಕೆಂದು ಲಕ್ಕುಂಡಿಯನ್ನೇ ತೆಗೆದುಕೊಳ್ಳಬಹುದು. ಶಾಸನಗಳಲ್ಲಿ ಇದರ ಹೆಸರು ಲೊಕ್ಕಿಗುಂಡಿ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಇಲ್ಲಿ ಟಂಕಸಾಲೆ ಇದ್ದಿತು. ಇಲ್ಲಿಯ ನಾಣ್ಯಕ್ಕೆ ಲೊಕ್ಕಿ ಗದ್ಯಾಣ ಎಂದೇ ಹೆಸರು. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಇಲ್ಲಿ ಬಸದಿಯನ್ನು ಕಟ್ಟಿಸಿದಳು. ಹನ್ನೆರಡನೆಯ ಶತಮಾನದ ಕೊನೆಗೆ ಹೊಯ್ಸಳ ಇಮ್ಮಡಿ ಬಲ್ಲಾಳನು ಇಲ್ಲಿ ಬೀಡುಬಿಟ್ಟು ಆಳಿದನು.

ಕಥೆ ಕಟ್ಟುವವರಿಗೆ ಟಂಕಸಾಲೆ ಥಟ್ಟನೆ ಹೊಳೆಯುತ್ತದೆ: ನಾಣ್ಯದ ಅಚ್ಚು ಕಾಣೆಯಾಗಿದೆ, ಕದ್ದವರು ಯಾರು? ಕಥೆ ಚೆನ್ನಾಗಿಯೇ ಆಗುತ್ತದೆ. ಆದರೆ ಹೊನ್ನಿನ ನಾಣ್ಯ ಎಂದೊಡನೆ ಹಾರೆ ಹಿಡಿದವರ ಕಿವಿ ನಿಮಿರುವುದರಿಂದ ಅದನ್ನು ಬಿಡುವುದೇ ವಿವೇಕ. ಅದಕ್ಕಿಂತ ಒಳ್ಳೆಯ ಕಥೆಯೊಂದು ಅತ್ತಿಮಬ್ಬೆಯ ಬಾಳಿನಲ್ಲಿಯೇ ಇದೆ. ಪೊನ್ನನ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಆಕೆ ಓಲೆಗರಿಯಲ್ಲಿ ಬರೆಯಿಸಿ ಹಂಚಿದಳೆಂದು ಸಾಹಿತ್ಯ ಚರಿತ್ರೆ ಹೇಳುತ್ತದೆ. ಅಚ್ಚುಕೂಟವಿಲ್ಲದ ಕಾಲದಲ್ಲಿ ಸಾವಿರ ಪ್ರತಿ! ಆ ಪ್ರತಿಗಳನ್ನು ಬರೆದ ಲಿಪಿಕಾರರಲ್ಲಿ ಒಬ್ಬನು ಒಂದು ಗರಿಯನ್ನು ಕಳೆದುಕೊಂಡನೆಂದೂ, ಅದರ ಮೇಲಿದ್ದ ಸಾಲಿನ ಅಕ್ಷರಗಳು ಊರಿನ ಹನ್ನೆರಡು ಕಲ್ಲುಗಳಲ್ಲಿ ಹಂಚಿಹೋಗಿವೆಯೆಂದೂ ಕಲ್ಪಿಸಿಕೊಳ್ಳಬಹುದು. ನಡೆಯುವವರು ಹುಡುಕುವುದು ಆ ಹನ್ನೆರಡು ಅಕ್ಷರಗಳನ್ನು. ಓಲೆಗರಿಗಾಗಿ ಯಾರೂ ನೆಲ ಅಗೆಯುವುದಿಲ್ಲ. ಇದು ಕಟ್ಟುಕಥೆ ಎಂಬುದನ್ನು ಪುಸ್ತಿಕೆಯಲ್ಲಿ ಸ್ಪಷ್ಟವಾಗಿ ನಮೂದಿಸಬೇಕು. ಇಲ್ಲದಿದ್ದರೆ ಹತ್ತು ವರ್ಷಗಳಲ್ಲಿ ಅದೇ ಸ್ಥಳಪುರಾಣವಾಗಿ, ಯಾರೋ ಅದನ್ನು ಇತಿಹಾಸವೆಂದು ಬರೆಯುತ್ತಾರೆ.

ಒಗಟುಗಳು ಹೇಗಿರಬಹುದು? ಕಾಶಿ ವಿಶ್ವೇಶ್ವರದಲ್ಲಿ ಎರಡು ಗರ್ಭಗುಡಿಗಳು ಒಂದಕ್ಕೊಂದು ಎದುರಾಗಿವೆ. ಶಿವನ ಗುಡಿ ಪೂರ್ವಕ್ಕೆ, ಸೂರ್ಯನ ಚಿಕ್ಕ ಗುಡಿ ಪಶ್ಚಿಮಕ್ಕೆ ಮುಖಮಾಡಿದೆ. ಅಲ್ಲಿಗೆ ಒಗಟು:

ಎದುರುಬದುರು ಎರಡು ಮನೆ, ನಡುವೆ ಒಂದೇ ಅಂಗಳ.
ಮೂಡಲು ನೋಡುವವನೊಬ್ಬ, ಪಡುವಲು ನೋಡುವವನೊಬ್ಬ.
ಪಡುವಲು ನೋಡುವವನ ವಾರ ಯಾವುದು?

ಉತ್ತರ ರವಿವಾರ, ವಾರಗಳ ಲೆಕ್ಕದಲ್ಲಿ 1. ಪುಸ್ತಿಕೆಯಲ್ಲಿ ಆ ಒಗಟಿನ ಪಕ್ಕದಲ್ಲಿರುವ ಅಕ್ಷರಗಳ ಸಾಲಿನಿಂದ ಮೊದಲನೆಯದನ್ನು ಆಯ್ದುಕೊಳ್ಳಬೇಕು. ಉತ್ತರ ಕಂಡುಹಿಡಿಯಬೇಕಾದರೆ ಎರಡು ಗುಡಿಗಳ ದಿಕ್ಕನ್ನು ನೋಡಬೇಕು, ಪಡುವಣ ಮುಖದ ಗುಡಿಯಲ್ಲಿದ್ದವನು ಯಾರೆಂದು ಯೋಚಿಸಬೇಕು. ಶಿವಾಲಯದ ಎದುರಿಗೆ ಸೂರ್ಯನ ಗುಡಿ ಇರುವುದು ವಿಶೇಷವೆಂದು ಫಲಕದಲ್ಲಿ ಬರೆದರೆ ಯಾರೂ ಓದುವುದಿಲ್ಲ. ಒಗಟಿಗಾಗಿ ಅಂಗಳದಲ್ಲಿ ಎರಡು ಸಲ ಸುತ್ತಿದವರು ಅದನ್ನು ಮರೆಯುವುದಿಲ್ಲ.

ಬ್ರಹ್ಮ ಜಿನಾಲಯದ ಒಳಗೆ ನಾಲ್ಕು ಮುಖಗಳ ಬ್ರಹ್ಮನ ವಿಗ್ರಹವಿದೆ. 'ನಾಲ್ಕು ದಿಕ್ಕಿಗೂ ಕಣ್ಣಿರುವವನು. ಎದುರಿಗೆ ನಿಂತವರಿಗೆ ಎಷ್ಟು ಮುಖ ತೋರಿಸುತ್ತಾನೆ?' ಮಕ್ಕಳು ನಾಲ್ಕು ಎಂದು ಕೂಗುತ್ತಾರೆ. ನಿಂತು ನೋಡಿದವರು ಮೂರು ಎನ್ನುತ್ತಾರೆ. ಬಸದಿಯಲ್ಲಿ ಬ್ರಹ್ಮನೇಕೆ ಎಂಬ ಮುಂದಿನ ಪ್ರಶ್ನೆಯನ್ನು ಅವರೇ ಕೇಳಿಕೊಳ್ಳುತ್ತಾರೆ.

ವೀರಗಲ್ಲಿಗೆ ಒಗಟು ಕಟ್ಟುವುದು ಎಲ್ಲಕ್ಕಿಂತ ಸುಲಭ, ಏಕೆಂದರೆ ವೀರಗಲ್ಲೇ ಒಂದು ಕಥೆ, ಅದೂ ಕೆಳಗಿನಿಂದ ಮೇಲಕ್ಕೆ ಓದಬೇಕಾದ ಕಥೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ದೇವಕನ್ಯೆಯರು, ಮೇಲೆ ಲಿಂಗದ ಅಥವಾ ಜಿನನ ಮುಂದೆ ಕೈಮುಗಿದ ಅದೇ ವೀರ. 'ಕೆಳಗೆ ಮಡಿದವನು ಮೇಲೆ ಪೂಜಿಸುತ್ತಾನೆ. ನಡುವೆ ಅವನನ್ನು ಹೊತ್ತವರು ಎಷ್ಟು ಮಂದಿ?' ಮಹಾಸತಿಕಲ್ಲಿನಲ್ಲಿ ಬಳೆ ತೊಟ್ಟ ತೋಳು ಮೇಲೆದ್ದಿರುತ್ತದೆ. ಅದನ್ನು ಆಟದ ವಸ್ತುವಾಗಿ ಮಾಡುವುದು ಬೇಡ; ದಾರಿಯಲ್ಲಿ ಬಂದರೆ ಎರಡು ಸಾಲಿನ ವಿವರಣೆ ಕೊಟ್ಟು ಮುಂದೆ ಸಾಗುವುದೇ ಮರ್ಯಾದೆ.

ಇನ್ನು ಮಾಣಿಕೇಶ್ವರದ ಪಕ್ಕದಲ್ಲಿರುವ ಮುಸುಕಿನ ಬಾವಿ. ನೀರಿಗಿಳಿಯುವ ಮೆಟ್ಟಿಲುಗಳು, ಗೋಡೆಗಳಲ್ಲಿ ಚಿಕ್ಕ ಗುಡಿಯಂಥ ಗೂಡುಗಳು. ಗೂಡುಗಳನ್ನು ಎಣಿಸಿರಿ ಎಂಬ ಒಗಟು ಯಾರಿಗಾದರೂ ತೋಚುತ್ತದೆ, ಮತ್ತು ಅದೇ ತಪ್ಪು. ಮಳೆಗಾಲದಲ್ಲಿ ನೀರು ಏರಿದರೆ ಕೆಳಗಿನ ಗೂಡುಗಳು ಮುಳುಗಬಹುದು. ವೈಶಾಖದ ಉತ್ತರ ಕಾರ್ತಿಕದಲ್ಲಿ ತಪ್ಪಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಎಣಿಸುವ ಹುರುಪಿನಲ್ಲಿ ಮಕ್ಕಳು ಪಾಚಿ ಕಟ್ಟಿದ ಮೆಟ್ಟಿಲನ್ನು ಇಳಿಯುತ್ತಾರೆ. ಬಾವಿಯ ಒಗಟಿನ ಉತ್ತರ ಯಾವಾಗಲೂ ಮೇಲಿನ ಕಟ್ಟೆಯ ಮೇಲೆ ನಿಂತವರಿಗೆ ಕಾಣುವಂತಿರಬೇಕು. ಈ ಒಂದು ನಿಯಮದಲ್ಲಿ ರಿಯಾಯಿತಿ ಇಲ್ಲ.

ಒಗಟು ಬರೆಯುವವರಿಗೆ ಇನ್ನೂ ಕೆಲವು ಮಾತುಗಳು ಉಪಯುಕ್ತ. ದಾರಿ ತೋರಿಸುವ ಸಾಲು ನೇರವಾಗಿರಬೇಕು, ಒಗಟಿನ ಸಾಲು ಮಾತ್ರ ಸುತ್ತಿ ಬಳಸಿ ಹೇಳಬಹುದು. ಇವೆರಡನ್ನೂ ಬೆರಸಿದರೆ ಪ್ರವಾಸಿಗರು ಯಾರದೋ ದನದ ಕೊಟ್ಟಿಗೆಗೆ ಹೋಗಿ ನಿಲ್ಲುತ್ತಾರೆ. 'ಈ ಬಸದಿಯನ್ನು ಕಟ್ಟಿಸಿದವರು ಯಾರು' ಎಂಬುದು ಒಗಟಲ್ಲ. ಮೊಬೈಲು ಅದಕ್ಕೆ ಕ್ಷಣದಲ್ಲಿ ಉತ್ತರಿಸುತ್ತದೆ, ಕತ್ತೆತ್ತಿ ನೋಡುವ ಅಗತ್ಯವೇ ಬೀಳುವುದಿಲ್ಲ. ಗೋಡೆಯ ಬರಹ, ಅಂಗಡಿಯ ಫಲಕ, ಬಣ್ಣ ಬಳಿದ ಬಾಗಿಲು, ವಿದ್ಯುತ್ ಕಂಬದ ಸಂಖ್ಯೆ ಇವು ಇಂದಿದ್ದು ನಾಳೆ ಬದಲಾಗುವಂಥವು. ಇಂಗ್ಲೆಂಡಿನ ಪುಸ್ತಿಕೆಗಳಿಗೂ ಈ ತೊಡಕು ತಪ್ಪಿದ್ದಲ್ಲ: ಯಾರೋ ಫಲಕ ಬದಲಾಯಿಸಿದರೆ ಸುಳಿವು ಹಾಳು. ಸಾವಿರ ವರ್ಷದ ಕಲ್ಲು ನಮಗೆ ಆ ಮಟ್ಟಿಗೆ ಅನುಕೂಲ ಮಾಡಿಕೊಟ್ಟಿದೆ. ಲಕ್ಕುಂಡಿಯ ಗುಡಿಗಳ ಕಲ್ಲು ಬಳಪದ ಜಾತಿಯದು, ಮೃದು. ಅದರಿಂದಲೇ ಅಷ್ಟು ನವುರಾದ ಕೆತ್ತನೆ ಸಾಧ್ಯವಾಯಿತು, ಅದರಿಂದಲೇ ಅದು ಬೇಗ ಸವೆಯುತ್ತದೆ. ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಪಡಿಯಚ್ಚು ತೆಗೆಯುವುದು ಬೇರೆ ದೇಶಗಳಲ್ಲಿ ಇಂಥ ಆಟಗಳ ಒಂದು ಭಾಗ. ಇಲ್ಲಿ ಅದಕ್ಕೆ ಎಡೆಗೊಡಕೂಡದು.

ಕನ್ನಡದ ಒಗಟನ್ನು ಇಂಗ್ಲಿಷಿಗೆ ಅನುವಾದಿಸಿದರೆ ಅದು ಸಾಯುತ್ತದೆ. ಇಂಗ್ಲಿಷ್ ಪುಸ್ತಿಕೆ ಬೇಕೆನಿಸಿದರೆ ಅದೇ ಕಲ್ಲಿಗೆ ಆ ಭಾಷೆ ಬಲ್ಲವರಿಂದ ಬೇರೆ ಒಗಟನ್ನೇ ಬರೆಯಿಸಬೇಕು. ಮೊದಲು ಕನ್ನಡದ್ದು ಸಿದ್ಧವಾಗಲಿ. ನೆರೆಯ ಊರಿನ ಶಾಲೆಗಳ ಮಕ್ಕಳೇ ಇದರ ಮೊದಲ ನಡಿಗೆದಾರರು.

ಊರಿನವರ ಒಪ್ಪಿಗೆ

ಈವರೆಗೆ ಹೇಳಿದ್ದು ಕಲ್ಲಿನ ವಿಷಯ. ಕಷ್ಟವಾದದ್ದು ಮನೆಗಳ ವಿಷಯ. ಚಾರಿತ್ರಿಕ ಗ್ರಾಮವೆಂದರೆ ವಸ್ತುಸಂಗ್ರಹಾಲಯವಲ್ಲ, ಅಲ್ಲಿ ಜನರಿದ್ದಾರೆ. ಗುಡಿಯ ಗೋಡೆಗೆ ಒತ್ತಿಕೊಂಡು ಮನೆಗಳಿವೆ. ಮನೆಯ ಗೋಡೆಯೊಳಗೆ ಗುಡಿಯ ಕಲ್ಲುಗಳಿವೆ. ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲೇ ಒಂದು ಶಾಸನದ ತುಂಡಾಗಿರಬಹುದು. ಹೊರಗಿನವರು ಕೈಯಲ್ಲಿ ಕಾಗದ ಹಿಡಿದು, ಮನೆಯ ಮುಂದೆ ನಿಂತು, ಗೋಡೆ ನೋಡಿ ಏನನ್ನೋ ಬರೆದುಕೊಂಡರೆ ಒಳಗಿದ್ದವರ ಎದೆ ನಡುಗುತ್ತದೆ: ಅಳತೆಗೆ ಬಂದರೇ, ಮನೆ ತೆರವು ಮಾಡಿಸುತ್ತಾರೆಯೇ, ಪಾಯ ಅಗೆಯಲು ಬಿಡುವುದಿಲ್ಲವೇ? 100 ಮೀಟರಿನ ನಿಯಮದಡಿಯಲ್ಲಿ ಒಂದು ಶೌಚಾಲಯ ಕಟ್ಟಲೂ ಕಚೇರಿಗಳಿಗೆ ಅಲೆದಾಡಿದವರಿಗೆ ಈ ಭಯ ಬರುವುದು ಸಹಜ. ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸದಸ್ಯರಿಗೆ ಶೋಭಿಸುವುದಿಲ್ಲ.

ಆದಕಾರಣ ಮೊದಲ ಹೆಜ್ಜೆ ವಾರ್ಡು ಸಭೆ ಮತ್ತು ಗ್ರಾಮ ಸಭೆ. ಪುಸ್ತಿಕೆಯ ಕರಡನ್ನು ಅಲ್ಲಿ ಗಟ್ಟಿಯಾಗಿ ಓದಿ, ದಾರಿಯನ್ನು ನಕಾಶೆಯ ಮೇಲೆ ತೋರಿಸಬೇಕು. ಖಾಸಗಿ ಮನೆ, ಹಿತ್ತಿಲು, ಕೊಟ್ಟಿಗೆಯೊಳಗಿನ ಯಾವ ಕಲ್ಲೂ ಒಗಟಿಗೆ ಬರಕೂಡದು. ಮನೆಯವರೇ ಸೇರಿಸಿರೆಂದರೂ ಬೀದಿಯಿಂದ ಕಾಣುವುದನ್ನು ಮಾತ್ರ ಸೇರಿಸಬೇಕು. ಹೆಣ್ಣುಮಕ್ಕಳು ನೀರಿಗೆ, ಬಟ್ಟೆ ಒಗೆಯಲು ಹೋಗುವ ಬಾವಿ ಕೆರೆಗಳ ಕಡೆಗೆ ದಾರಿ ಹಾಯಿಸುವ ಮುನ್ನ ಅವರನ್ನೇ ಕೇಳಬೇಕು. ಅವರು ಬೇಡವೆಂದರೆ ಆ ವಿಷಯ ಅಲ್ಲಿಗೆ ಮುಗಿಯಿತು. ಮನೆಗಳ ಮುಂದೆ ಚಿತ್ರ ತೆಗೆಯಬಾರದೆಂಬ ಸೂಚನೆ ಪುಸ್ತಿಕೆಯಲ್ಲಿರಲಿ.

ದಾರಿ ಯಾವ ಓಣಿಗಳಲ್ಲಿ ಹಾಯುತ್ತದೆ ಎಂಬುದು ಸಣ್ಣ ಸಂಗತಿಯಲ್ಲ. ದೊಡ್ಡ ಗುಡಿಗಳ ಸುತ್ತಲಿನ ಓಣಿಗಳಲ್ಲಿ ಮಾತ್ರ ಸುತ್ತಿಸಿದರೆ ಪ್ರವಾಸಿಗರ ನಾಲ್ಕು ಕಾಸು ಅಲ್ಲಿಯೇ ಉಳಿಯುತ್ತದೆ. ಊರ ಹೊರಗಿನ ವೀರಗಲ್ಲು, ಹಾಳುಬಿದ್ದ ಬಾವಿ, ಗ್ರಾಮದೇವತೆಯ ಕಟ್ಟೆ, ದರ್ಗಾ ಇವುಗಳಿಗೂ ಚರಿತ್ರೆಯಿದೆ. ಪೂಜೆ ನಡೆಯುವ ಗುಡಿಗಳ ವಿಷಯದಲ್ಲಿ ಒಗಟಿನ ಉತ್ತರ ಹೊರಗಿನ ಗೋಡೆಯ ಮೇಲೆಯೇ ಇರಲಿ. ಪುಸ್ತಿಕೆ ಕೊಂಡುಬಂದ ಯಾರನ್ನೇ ಆಗಲಿ ಯಾವ ಹೊಸ್ತಿಲಿನಲ್ಲಿಯೂ ಯಾರೂ ತಡೆದು ಕುಲ ಕೇಳುವ ಸಂದರ್ಭ ಬರಕೂಡದು. ಅಂಥ ಹೊಸ್ತಿಲು ಊರಿನಲ್ಲಿ ಇದ್ದರೆ ಅದು ಪಂಚಾಯಿತಿ ಬೇರೆಯಾಗಿಯೇ ಬಗೆಹರಿಸಬೇಕಾದ ಅಪರಾಧದ ವಿಷಯ.

ನಡೆಸುವ ಬಗೆ

ಸಂವಿಧಾನದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಗ್ರಂಥಾಲಯಗಳು, ಸಾಂಸ್ಕೃತಿಕ ಚಟುವಟಿಕೆಗಳು ಸೇರಿವೆ. ಈ ಕೆಲಸ ಗ್ರಾಮ ಪಂಚಾಯಿತಿಯ ವ್ಯಾಪ್ತಿಯೊಳಗಿನದೇ. ಆರಂಭದ ಸ್ಥಳವಾಗಿ ಅರಿವು ಕೇಂದ್ರಕ್ಕಿಂತ ಉತ್ತಮವಾದದ್ದು ಬೇರೆ ಕಾಣುವುದಿಲ್ಲ. ಅಲ್ಲಿ ಪುಸ್ತಿಕೆ ಕೊಂಡು ಹೊರಟವರು ಎರಡು ಗಂಟೆಗಳ ಅನಂತರ ಅಲ್ಲಿಗೇ ಹಿಂದಿರುಗಿ, ಕೂಡಿಸಿದ ಸಾಲನ್ನು ತೋರಿಸಿ, ಸರಿಯಿದ್ದರೆ ಪುಸ್ತಿಕೆಯ ಮೇಲೆ ಮುದ್ರೆ ಒತ್ತಿಸಿಕೊಳ್ಳುತ್ತಾರೆ. ಮಕ್ಕಳಿಗೆ ಆ ಮುದ್ರೆಯೇ ಬಹುಮಾನ. ಬೆಲೆಬಾಳುವ ಬಹುಮಾನ ಇಡುವುದು ಬೇಡ. ಇಟ್ಟರೆ ಉತ್ತರಗಳು ಮರುದಿನವೇ ಮೊಬೈಲಿನಲ್ಲಿ ಹರಿದಾಡುತ್ತವೆ.

ಪುಸ್ತಿಕೆಯ ಮಾರಾಟವನ್ನು ಸಂಜೀವಿನಿ ಒಕ್ಕೂಟದ ಮಹಿಳೆಯರಿಗೆ ವಹಿಸಬಹುದು. ಬೆಲೆ ಎಷ್ಟಿರಬೇಕು, ಪಂಚಾಯಿತಿಗೆ ಎಷ್ಟು, ಒಕ್ಕೂಟಕ್ಕೆ ಎಷ್ಟು ಎಂಬುದು ಸಭೆಯಲ್ಲಿ ತೀರ್ಮಾನವಾಗಿ ನಡಾವಳಿಯಲ್ಲಿ ದಾಖಲಾಗಲಿ. ಪುಸ್ತಿಕೆಯ ಆದಾಯಕ್ಕಿಂತ, ನಡೆದು ದಣಿದವರು ಮಧ್ಯಾಹ್ನ ಊರಿನಲ್ಲಿ ಉಣ್ಣುವ ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿಯಿಂದ ಬರುವ ಆದಾಯ ದೊಡ್ಡದಾಗುವ ಸಂಭವವಿದೆ. ಆದುದರಿಂದ ನಡಿಗೆ ಊಟದ ಹೊತ್ತಿಗೆ ಮುಗಿಯುವಂತೆ, ಊಟದ ಮನೆಯ ಹತ್ತಿರವೇ ಮುಗಿಯುವಂತೆ ದಾರಿ ಹಾಕುವುದು ಜಾಣತನ. ಹೊರಗಿನ ಕಂಪನಿಗೆ ಪುಸ್ತಿಕೆ ಬರೆಯಲು ಕೊಡುವ ಸಂದರ್ಭ ಬಂದರೆ ಅದರ ಹಕ್ಕು ಪಂಚಾಯಿತಿಯ ಹೆಸರಿನಲ್ಲಿಯೇ ಉಳಿಯುವಂತೆ ಕರಾರು ಮಾಡಿಕೊಳ್ಳತಕ್ಕದ್ದು. ಇಲ್ಲವಾದರೆ ಊರು ತನ್ನ ಕಲ್ಲುಗಳನ್ನು ತೋರಿಸಿ ಇನ್ನೊಬ್ಬರಿಗೆ ದುಡಿದುಕೊಟ್ಟಂತಾಗುತ್ತದೆ.

ಕುಡಿಯುವ ನೀರು, ಬೀಗ ಹಾಕದ ಒಂದು ಶೌಚಾಲಯ, ಅರ್ಧದಾರಿಯಲ್ಲಿ ಕುಳಿತುಕೊಳ್ಳಲು ಮರದ ನೆರಳು, ಇವು ಇಲ್ಲದೆ ಪುಸ್ತಿಕೆ ಅಚ್ಚು ಹಾಕಿಸುವುದು ವ್ಯರ್ಥ. ಮಾರ್ಚಿಯಿಂದ ಮೇ ತಿಂಗಳವರೆಗಿನ ಬಿಸಿಲಿನಲ್ಲಿ ಬೆಳಗಿನ ಹೊತ್ತು ಮಾತ್ರ ನಡೆಯಬೇಕೆಂದು ಮುದ್ರಿಸಬೇಕು. ವಸ್ತುಸಂಗ್ರಹಾಲಯಕ್ಕೆ ವಾರದ ರಜೆ ಇರುತ್ತದೆ. ಅದರೊಳಗಿನ ವಸ್ತುವನ್ನು ಅವಲಂಬಿಸಿದ ಒಗಟಿಗೆ ಬದಲಿ ಒಗಟೊಂದು ಇರಲಿ.

ಈ ಕೆಲಸದಿಂದ ಪಂಚಾಯಿತಿಗೆ ದೊರೆಯುವ ಒಂದು ಲಾಭ ಪುಸ್ತಿಕೆಯಲ್ಲಿ ಕಾಣುವುದಿಲ್ಲ. ಹನ್ನೆರಡು ಒಗಟಿಗೆ ಹನ್ನೆರಡು ಕಲ್ಲು ಆರಿಸಬೇಕಾದರೆ ಊರಿನ ಎಲ್ಲ ಕಲ್ಲುಗಳನ್ನೂ ಒಮ್ಮೆ ನೋಡಬೇಕಾಗುತ್ತದೆ. ಪ್ರೌಢಶಾಲೆಯ ಮಕ್ಕಳೂ ಶಿಕ್ಷಕರೂ ಓಣಿ ಓಣಿ ತಿರುಗಿ ವೀರಗಲ್ಲು, ನಾಗರಕಲ್ಲು, ಶಾಸನ, ಬಾವಿ, ಒಡೆದ ನಂದಿ ಪ್ರತಿಯೊಂದರ ಚಿತ್ರ, ಇರುವ ಜಾಗ, ಎತ್ತರ, ಊರಿನವರು ಅದಕ್ಕೆ ಕರೆಯುವ ಹೆಸರು ಇವನ್ನು ಒಂದು ವಹಿಯಲ್ಲಿ ದಾಖಲಿಸಬಹುದು. ಸ್ಮಾರಕಗಳಲ್ಲಿ ಕೆಲವು ಕೇಂದ್ರದ ರಕ್ಷಣೆಯಲ್ಲಿವೆ, ಕೆಲವು ರಾಜ್ಯದ್ದು. ಹೊಲದ ಬದುವಿನಲ್ಲಿ, ಹುಣಸೆಮರದ ಬುಡದಲ್ಲಿ ನಿಂತಿರುವ ಎಷ್ಟೋ ಕಲ್ಲುಗಳು ಯಾರ ಪಟ್ಟಿಯಲ್ಲಿಯೂ ಇಲ್ಲ. ಅಂಥ ಕಲ್ಲು ಒಂದು ರಾತ್ರಿ ಕಾಣೆಯಾದರೆ, ಅದು ಅಲ್ಲಿತ್ತು ಎಂದು ಠಾಣೆಯಲ್ಲಿ ಹೇಳುವುದಕ್ಕೂ ಇಂದು ಊರಿನ ಬಳಿ ದಾಖಲೆಯಿಲ್ಲ. ವಹಿ ಇದ್ದರೆ ಚಿತ್ರಸಹಿತ ದೂರು ಕೊಡಬಹುದು. ನಡಿಗೆಯ ದಾರಿಯಲ್ಲಿರುವ ಕಲ್ಲಿಗಂತೂ ದಿನವೂ ಯಾರೋ ಒಬ್ಬರು ಬಂದು ಅದರ ಮುಂದೆ ನಿಂತು ಎಣಿಸಿ ಹೋಗುತ್ತಾರೆ. ಒಂದು ಚೂರು ಒಡೆದರೂ ಉತ್ತರ ತಪ್ಪಿ, ಅದೇ ಸಂಜೆ ಅರಿವು ಕೇಂದ್ರಕ್ಕೆ ಸುದ್ದಿ ಮುಟ್ಟುತ್ತದೆ.

ಲಕ್ಕುಂಡಿಯಷ್ಟು ಗುಡಿಗಳು ಇರಲೇಬೇಕೆಂದಿಲ್ಲ. ಡಂಬಳದ ದೊಡ್ಡಬಸಪ್ಪ ಗುಡಿಯ ಹೊರಗೋಡೆ 24 ಮೂಲೆಗಳ ನಕ್ಷತ್ರದಂತಿದೆ. ಎಣಿಸುತ್ತ ಸುತ್ತಿದವರು ಸಾಮಾನ್ಯವಾಗಿ ಎಲ್ಲಿಂದ ಆರಂಭಿಸಿದೆವೆಂದು ಮರೆತು ಮತ್ತೊಂದು ಸುತ್ತು ಹಾಕಬೇಕಾಗುತ್ತದೆ. ಸೂಡಿಯಲ್ಲಿ ನಾಗಕುಂಡವಿದೆ, ಅಲ್ಲಿಯೂ ಟಂಕಸಾಲೆ ಇದ್ದಿತು. ಒಂದೇ ಗುಡಿ, ಎರಡು ವೀರಗಲ್ಲು, ಒಂದು ಹಳೆಯ ಅಗಸೆ, ಒಂದು ಕೆರೆಯ ತೂಬು ಇರುವ ಊರಿನಲ್ಲಿ ಆರು ಒಗಟುಗಳ ಒಂದು ಗಂಟೆಯ ನಡಿಗೆ ಸಾಧ್ಯ.

ಮೊದಲ ಕರಡನ್ನು ಊರಿನವರ ಮೇಲೆ ಪ್ರಯೋಗಿಸುವುದು ಬೇಡ, ಅವರಿಗೆ ಉತ್ತರಗಳು ಗೊತ್ತಿರುತ್ತವೆ. ನೆರೆಯ ಪಂಚಾಯಿತಿಯ ನಾಲ್ವರು ಸದಸ್ಯರಿಗೂ ಅವರ ಮನೆಯ ಮಕ್ಕಳಿಗೂ ಪುಸ್ತಿಕೆ ಕೊಟ್ಟು, ಜೊತೆಗೆ ಯಾರೂ ಹೋಗದೆ, ಅವರು ಎಲ್ಲಿ ದಾರಿ ತಪ್ಪಿದರು, ಎಲ್ಲಿ ಯಾರ ಮನೆಯ ಮುಂದೆ ಅನುಮಾನಿಸುತ್ತ ನಿಂತರು, ಯಾವ ಒಗಟಿಗೆ ಎರಡು ಉತ್ತರ ಬಂತು ಎಂಬುದನ್ನು ಹಿಂದಿರುಗಿದ ಮೇಲೆ ಕೇಳಿ ಬರೆದುಕೊಳ್ಳಬೇಕು. ತಿದ್ದಿದ ಪ್ರತಿಯೇ ಮುದ್ರಣಕ್ಕೆ ಹೋಗಲಿ. ಉತ್ತರಗಳ ಹಾಳೆಯ ಒಂದು ಪ್ರತಿ ಮುಚ್ಚಿದ ಲಕೋಟೆಯಲ್ಲಿ ಅರಿವು ಕೇಂದ್ರದ ಮೇಲ್ವಿಚಾರಕರ ಬಳಿಯೂ, ಇನ್ನೊಂದು ಪ್ರತಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳ ಬಳಿಯೂ ಇರಲಿ. ತಿಂಗಳಿಗೊಮ್ಮೆ ಸದಸ್ಯರಲ್ಲಿ ಒಬ್ಬರು ಆ ಹಾಳೆ ಹಿಡಿದು ಹನ್ನೆರಡು ಕಲ್ಲುಗಳ ಮುಂದೆಯೂ ನಿಂತು ತಾಳೆ ನೋಡಿ, ವಹಿಯಲ್ಲಿ ದಿನಾಂಕದೊಡನೆ ಸಹಿ ಮಾಡತಕ್ಕದ್ದು.